ಗಡಿ ದಾಟುವ ಮೊದಲು ದಾಟಬೇಕಾದ ಹಣ

ವಿಷಯ ಇದು. ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ನೌಕರಿ ಮಾಡಿಕೊಂಡಿದ್ದ ಗಂಡ ಹೆಂಡತಿಗೆ ಕೆನಡಾದ ಕಾಯಂ ನಿವಾಸದ ಅನುಮತಿ ಬಂದಿದೆ. ಎಫ್‌ಡಿ ಮುರಿಸಿದ್ದಾರೆ, ಸ್ಕೂಟರು ಮಾರಿದ್ದಾರೆ. ಟೊರಾಂಟೊದ ಒಂದು ಬ್ಯಾಂಕು ಇವರು ಹೊರಡುವ ಮೊದಲೇ ಇವರ ಹೆಸರಿನಲ್ಲಿ ಖಾತೆ ತೆರೆದುಕೊಟ್ಟಿದೆ. ಸಂಶಯ ಹುಟ್ಟುವುದು ಇಲ್ಲಿ: ಹಣವನ್ನು ಈಗಲೇ ಕಳಿಸಬೇಕೆ, ಹೋದ ಮೇಲೆ ತರಿಸಿಕೊಳ್ಳಬೇಕೆ? ಕಳಿಸುವುದಾದರೆ ಎಷ್ಟು, ಯಾರ ಹೆಸರಿನಿಂದ, ಯಾವ ದಾರಿಯಲ್ಲಿ?

ನನ್ನ ಸಿದ್ಧಾಂತವನ್ನು ಮೊದಲೇ ಹೇಳುತ್ತೇನೆ. ಮೊದಲ ಆರು ತಿಂಗಳ ಬದುಕಿಗೆ ಬೇಕಾದಷ್ಟನ್ನು ಹೊರಡುವ ಮುನ್ನವೇ, ತಮ್ಮ ಖಾತೆಯಿಂದ ತಮ್ಮದೇ ಖಾತೆಗೆ ಕಳಿಸಬೇಕು. ಉಳಿದದ್ದನ್ನು ಇಲ್ಲೇ ಬಿಟ್ಟು ಹೋಗಿ, ಅಲ್ಲಿ ನೆಲೆ ನಿಂತ ಮೇಲೆ ತರಿಸಿಕೊಳ್ಳಬೇಕು. ಸಸಿ ಕೀಳುವ ಮೊದಲೇ ನಾಟಿಯ ಗದ್ದೆಗೆ ನೀರು ಕಟ್ಟಿರಬೇಕು, ಆದರೆ ಊರಿನ ಕೆರೆಯನ್ನೆಲ್ಲ ಒಂದೇ ದಿನ ಬರಿದು ಮಾಡಬಾರದು. ಈ ಮಾತಿನ ಎರಡೂ ಭಾಗಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವು ಬಲವಾದವೇ.

ಆಕ್ಷೇಪಗಳಿಗೆ ಮೊದಲು ಹಿನ್ನೆಲೆ. ಅರವತ್ತು ಎಪ್ಪತ್ತರ ದಶಕಗಳಲ್ಲಿ ಅಮೆರಿಕಕ್ಕೆ ಹೋದ ನಮ್ಮ ಹಿರಿಯರು ಎಂಟು ಡಾಲರ್ ಕಿಸೆಯಲ್ಲಿಟ್ಟುಕೊಂಡು ವಿಮಾನ ಹತ್ತಿದ ಕಥೆ ಹೇಳುತ್ತಾರೆ. ಸರ್ಕಾರ ಅಷ್ಟನ್ನೇ ಕೊಡುತ್ತಿತ್ತು. 1973ರ ಫೆರಾ ಕಾಯ್ದೆಯಲ್ಲಿ ವಿದೇಶಿ ವಿನಿಮಯದ ಉಲ್ಲಂಘನೆ ಅಪರಾಧವಾಗಿತ್ತು, ಜೈಲಿನ ಭಯವಿತ್ತು. 2000ದ ಜೂನ್‌ನಲ್ಲಿ ಅದರ ಜಾಗಕ್ಕೆ ಫೆಮಾ ಬಂತು. 2004ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ರವಾನೆ ಯೋಜನೆಯನ್ನು ತಂದು, ಇಲ್ಲಿನ ನಿವಾಸಿಯೊಬ್ಬ ವರ್ಷಕ್ಕೆ 25,000 ಅಮೆರಿಕನ್ ಡಾಲರ್ ಹೊರಗೆ ಕಳಿಸಬಹುದು ಎಂದಿತು. ಮಿತಿ ಬೆಳೆದು ಎರಡು ಲಕ್ಷವಾಯಿತು. 2013ರ ಆಗಸ್ಟ್‌ನಲ್ಲಿ ರೂಪಾಯಿ ಕುಸಿಯುತ್ತಿದ್ದಾಗ ಅದನ್ನು ಒಮ್ಮೆಲೇ 75,000ಕ್ಕೆ ಇಳಿಸಿದರು. 2015ರಿಂದ ಎರಡೂವರೆ ಲಕ್ಷ ಡಾಲರಿನಲ್ಲಿ ನಿಂತಿದೆ. ವಲಸೆ ಹೋಗುವ ದೇಶವೇ ಹೆಚ್ಚು ಕೇಳಿದರೆ, ಅಲ್ಲಿನ ಪ್ರಾಸಂಗಿಕ ವೆಚ್ಚಕ್ಕೆಂದು ಈ ಮಿತಿಯ ಮೇಲೂ ಕಳಿಸಬಹುದು. ಆದರೆ ಬಾಂಡೋ ಜಮೀನೋ ಕೊಂಡು ವಲಸೆಯ ಅರ್ಹತೆ ಗಳಿಸಲು ಹಾಗೆ ಕಳಿಸುವಂತಿಲ್ಲ. 2013ರ ಆ ತಿಂಗಳನ್ನು ನೆನಪಿಡಬೇಕೆನ್ನುತ್ತೇನೆ. ಈ ಹಕ್ಕು ಸರ್ಕಾರ ಕೊಟ್ಟದ್ದು, ಕಷ್ಟ ಬಂದಾಗ ಅದನ್ನು ಕಿರಿದು ಮಾಡಲು ಒಂದು ಸುತ್ತೋಲೆ ಸಾಕು.

ಮೊದಲ ಪೂರ್ವಪಕ್ಷ: "ಅಲ್ಲಿಗೆ ಹೋಗಿ, ಬ್ಯಾಂಕು ಕಣ್ಣಾರೆ ಕಂಡು, ಮೊಬೈಲಿನಿಂದಲೇ ಕಳಿಸಿಕೊಂಡರಾಯಿತು. ಈಗಲೇ ಏನು ಅವಸರ?"

ಸಮಾಧಾನ. ಮೊಬೈಲು ಅದೇ ಇರುತ್ತದೆ, ಕಾನೂನಿನ ಕಣ್ಣಲ್ಲಿ ಅದನ್ನು ಹಿಡಿದ ಮನುಷ್ಯ ಬೇರೆಯಾಗಿರುತ್ತಾನೆ. ಉದ್ಯೋಗಕ್ಕೆಂದೋ ಅನಿರ್ದಿಷ್ಟ ಕಾಲ ನೆಲೆಸುವ ಉದ್ದೇಶದಿಂದಲೋ ದೇಶ ಬಿಟ್ಟವನು ಫೆಮಾದ ಪ್ರಕಾರ ಹೊರಟ ದಿನದಿಂದಲೇ ಅನಿವಾಸಿ. ಉದಾರೀಕೃತ ರವಾನೆ ಯೋಜನೆ ನಿವಾಸಿಗಳಿಗೆ ಮಾತ್ರ, ಹಾಗಾಗಿ ಆ ಬಾಗಿಲು ವಿಮಾನ ನಿಲ್ದಾಣದಲ್ಲೇ ಮುಚ್ಚುತ್ತದೆ. ಇಲ್ಲಿನ ಉಳಿತಾಯ ಖಾತೆಯೂ ಹಾಗೆಯೇ ಉಳಿಯುವಂತಿಲ್ಲ, ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಗಬೇಕು. ಎಷ್ಟೋ ಜನ ವರ್ಷಗಟ್ಟಲೆ ಹಳೆಯ ಖಾತೆಯನ್ನೇ ನಡೆಸುತ್ತಾರೆ. ನಡೆಯುತ್ತದೆ ಎಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಎನ್‌ಆರ್‌ಒ ಖಾತೆಯಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್ ತನಕ ಹೊರಗೆ ಒಯ್ಯಬಹುದು ನಿಜ, ಅದು ದೊಡ್ಡ ಬಾಗಿಲೇ. ಆದರೆ ಅದನ್ನು ತೆರೆಯಲು ಖಾತೆ ಬದಲಾಗಿರಬೇಕು, ಹೊರದೇಶದ ವಿಳಾಸದ ದಾಖಲೆ ಬೇಕು, ತೆರಿಗೆ ಕಟ್ಟಿದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು. ಬಂದಿಳಿದವನಿಗೆ ಮೊದಲ ವಾರಗಳಲ್ಲಿ ಇಲ್ಲದ್ದು ವಿಳಾಸವೇ. ಬಾಡಿಗೆ ಕಟ್ಟದೆ ವಿಳಾಸವಿಲ್ಲ, ಹಣವಿಲ್ಲದೆ ಬಾಡಿಗೆಯಿಲ್ಲ. ಈ ಸುತ್ತನ್ನು ಮುರಿಯುವುದು ಮೊದಲೇ ದಾಟಿ ಅಲ್ಲಿ ಕಾದಿರುವ ಹಣ ಮಾತ್ರ.

ಎರಡನೆಯದು ಬಲವಾದ ಆಕ್ಷೇಪ: "ಈಗ ಕಳಿಸಿದರೆ ಟಿಸಿಎಸ್ ಹಿಡಿಯುತ್ತಾರಲ್ಲ?" ಹಿಡಿಯುತ್ತಾರೆ. 2020ರ ಅಕ್ಟೋಬರಿನಿಂದ ಇಂಥ ರವಾನೆಯ ಮೇಲೆ ಬ್ಯಾಂಕು ತೆರಿಗೆ ಸಂಗ್ರಹಿಸುತ್ತಿದೆ. ಶಿಕ್ಷಣ, ಚಿಕಿತ್ಸೆಗಳನ್ನು ಬಿಟ್ಟ ಉದ್ದೇಶಗಳಿಗೆ 2023ರ ಅಕ್ಟೋಬರಿನಿಂದ ದರ ಶೇಕಡಾ 20. ವಿನಾಯಿತಿಯ ಮಿತಿ ಏಳು ಲಕ್ಷವಿದ್ದದ್ದು 2025ರ ಏಪ್ರಿಲ್‌ನಿಂದ ಹತ್ತು ಲಕ್ಷವಾಗಿದೆ. ಅಂದರೆ ಒಬ್ಬನೇ ಮೂವತ್ತು ಲಕ್ಷ ಕಳಿಸಿದರೆ ನಾಲ್ಕು ಲಕ್ಷ ತೆರಿಗೆ ಇಲಾಖೆಗೆ ಹೋಗಿ ಕೂರುತ್ತದೆ. ಅದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಮಿಕ್ಕರೆ ವಾಪಸು ಬರುತ್ತದೆ, ಸಂಬಳದಾರರು ಕಂಪನಿಗೆ ತಿಳಿಸಿ ತಿಂಗಳ ಕಡಿತದಲ್ಲೇ ಸರಿಹೊಂದಿಸಿಕೊಳ್ಳುವ ಅವಕಾಶವೂ 2024ರ ಅಕ್ಟೋಬರಿನಿಂದ ಇದೆ. ಆದರೂ ಊರು ಬಿಡುವ ವರ್ಷ ನಾಲ್ಕು ಲಕ್ಷ ಕೈಗೆ ಸಿಗದಿರುವುದು ಸಣ್ಣ ಸಂಗತಿಯಲ್ಲ.

ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಎಷ್ಟು ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಟ್ಟುವುದೇ ಇದರಿಂದ. ಮಿತಿ ತಲೆಗೆ ಹತ್ತು ಲಕ್ಷ, ಅದೂ ಹಣಕಾಸು ವರ್ಷಕ್ಕೆ. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಪ್ಯಾನ್ ಮೇಲೆ ಕಳಿಸಿದರೆ ಇಪ್ಪತ್ತು ಲಕ್ಷ ಒಂದು ಪೈಸೆ ಟಿಸಿಎಸ್ ಇಲ್ಲದೆ ಹೋಗುತ್ತದೆ. ಹೊರಡುವುದು ಮೇ ತಿಂಗಳಲ್ಲಾದರೆ ಮಾರ್ಚ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಕಳಿಸಬಹುದು. ಕೆನಡಾ ಸರ್ಕಾರ ತನ್ನ ಎಕ್ಸ್‌ಪ್ರೆಸ್ ಎಂಟ್ರಿ ವಲಸಿಗರಿಂದ ಕೇಳುವ ನೆಲೆನಿಧಿ, 2025ರ ಜುಲೈನ ನಿಗದಿಯಂತೆ, ಇಬ್ಬರ ಕುಟುಂಬಕ್ಕೆ 19,001 ಕೆನಡಾ ಡಾಲರ್, ಹೆಚ್ಚುಕಡಿಮೆ ಹನ್ನೆರಡು ಲಕ್ಷ ರೂಪಾಯಿ. ಹಾಗಾಗಿ ಆರು ತಿಂಗಳ ಹಣ ಮಿತಿಯೊಳಗೇ ನೆಮ್ಮದಿಯಾಗಿ ಕೂರುತ್ತದೆ. ಎನ್‌ಆರ್‌ಒ ಖಾತೆಯಿಂದ ಅನಿವಾಸಿ ಕಳಿಸಿಕೊಳ್ಳುವ ಹಣ ಈ ಯೋಜನೆಯಡಿ ಬರುವುದಿಲ್ಲ, ಅದಕ್ಕೆ ಈ ಟಿಸಿಎಸ್ ಕೂಡ ಇಲ್ಲ. ಕೆರೆಯನ್ನು ಇಲ್ಲೇ ಬಿಡಿ ಎಂದದ್ದು ಇದಕ್ಕಾಗಿ. ಆ ನೆಲೆನಿಧಿ ಕೆನಡಾದ ಖಾತೆಯಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಹಣ ನಿಮ್ಮದಾಗಿದ್ದು, ಸಾಲದ್ದಲ್ಲದೆ, ಕೈಗೆ ಸಿಗುವಂತಿದ್ದರೆ ಊರಿನ ಬ್ಯಾಂಕಿನ ಪತ್ರ ಸಾಕು.

ಇಬ್ಬರ ಹೆಸರಿನಲ್ಲಿ ಕಳಿಸುವಾಗ ಒಂದು ಎಚ್ಚರ ಬೇಕು. ಹೊರದೇಶದ ಖಾತೆಯಲ್ಲಿ ಸಹಖಾತೆದಾರರಲ್ಲದವರ ಮಿತಿಯನ್ನು ಕೂಡಿಸಿಕೊಳ್ಳಲು ರಿಸರ್ವ್ ಬ್ಯಾಂಕು ಬಿಡುವುದಿಲ್ಲ. ಟೊರಾಂಟೊದ ಖಾತೆ ಗಂಡನೊಬ್ಬನ ಹೆಸರಿನಲ್ಲಿದ್ದರೆ ಹೆಂಡತಿಯ ಮಿತಿ ಆ ಖಾತೆಗೆ ಒದಗುವುದಿಲ್ಲ. ಖಾತೆ ತೆರೆಯುವಾಗಲೇ ಇಬ್ಬರ ಹೆಸರೂ ಇರಲಿ. ಇದರಲ್ಲಿ ಕಾನೂನಿಗಿಂತ ದೊಡ್ಡ ಮಾತೂ ಇದೆ. ಪರದೇಶದಲ್ಲಿ ತನ್ನ ಹೆಸರಿನ ಖಾತೆಯಿಲ್ಲದ ಹೆಣ್ಣುಮಗಳ ಅಸಹಾಯಕತೆ ಇಲ್ಲಿಗಿಂತ ಎಷ್ಟೋ ಪಾಲು ಹೆಚ್ಚು.

ಮೂರನೆಯದು ಮನೆಮನೆಯಲ್ಲೂ ಕೇಳುವ ಮಾತು: "ಭಾವ ಅಲ್ಲೇ ಇದ್ದಾರಲ್ಲ, ಅವರ ಖಾತೆಗೆ ಹಾಕೋಣ. ಇಲ್ಲ, ಇಲ್ಲಿ ಅವರ ಅಮ್ಮನ ಕೈಗೆ ರೂಪಾಯಿ ಕೊಟ್ಟುಬಿಡೋಣ, ಅಲ್ಲಿ ಅವರು ನಮಗೆ ಡಾಲರ್ ಕೊಡಲಿ." ಭಾವನ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಅವರ ಖಾತೆಗೆ ಹಾಕಿದ ಹಣ ಕಾಗದದ ಮೇಲೆ ಉಡುಗೊರೆ, ಅಂದರೆ ಅವರ ಹಣ. ಅದನ್ನು ನಿಮ್ಮ ನೆಲೆನಿಧಿ ಎಂದು ತೋರಿಸಲಾಗದು. ನಾಳೆ ಅವರ ಸಂಸಾರದಲ್ಲಿ ವ್ಯಾಜ್ಯವೆದ್ದರೆ ಅದು ಅವರ ಆಸ್ತಿಯ ಲೆಕ್ಕಕ್ಕೆ ಸೇರೀತು. ಇಲ್ಲಿ ರೂಪಾಯಿ, ಅಲ್ಲಿ ಡಾಲರ್ ಎಂಬ ಎರಡನೆಯ ದಾರಿಯಂತೂ ಫೆಮಾದ ಮೂರನೆಯ ಕಲಮಿನ ನೇರ ಉಲ್ಲಂಘನೆ. ಮೊತ್ತದ ಮೂರು ಪಟ್ಟಿನ ತನಕ ದಂಡ ಹಾಕಬಹುದು. ಮನೆಯವರ ನಡುವೆಯೇ ನಡೆದರೂ ಅದು ಹವಾಲಾದ ರೂಪವೇ. ಹೊಸ ದೇಶದಲ್ಲಿ ಮುಂದೆ ಮನೆ ಕೊಳ್ಳುವಾಗ ಮುಂಗಡ ಎಲ್ಲಿಂದ ಬಂತು ಎಂದು ಬ್ಯಾಂಕು ಕೇಳುತ್ತದೆ. ಹೆಜ್ಜೆಗುರುತು ಇಲ್ಲದ ಹಣಕ್ಕೆ ಅಲ್ಲಿ ಅರ್ಧ ಬೆಲೆಯೂ ಇಲ್ಲ.

ಇನ್ನು ದಾರಿ. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಹಣ ಸಾಗಿಸುವುದಿಲ್ಲ, ಸಂದೇಶವನ್ನಷ್ಟೇ ಸಾಗಿಸುತ್ತದೆ. 1973ರಲ್ಲಿ ಬೆಲ್ಜಿಯಂನಲ್ಲಿ ಬ್ಯಾಂಕುಗಳೇ ಸೇರಿ ಕಟ್ಟಿಕೊಂಡ ಸಂಸ್ಥೆ ಅದು. ನಿಮ್ಮ ಬ್ಯಾಂಕು ಕೆನಡಾದ ಯಾವುದೋ ದೊಡ್ಡ ಬ್ಯಾಂಕಿನಲ್ಲಿ ತನ್ನ ಡಾಲರ್ ಖಾತೆ ಇಟ್ಟಿರುತ್ತದೆ. ಇಲ್ಲಿ ನಿಮ್ಮ ರೂಪಾಯಿ ಕಡಿತವಾಗುತ್ತದೆ, ಅಲ್ಲಿ ಅದರ ಡಾಲರ್ ಖಾತೆಯಿಂದ ನಿಮ್ಮ ಖಾತೆಗೆ ಜಮೆಯಾಗುತ್ತದೆ. ನಡುವೆ ಮೂರನೆಯ ಬ್ಯಾಂಕಿದ್ದರೆ ಅದು ತನ್ನ ಕೂಲಿ ಮುರಿದುಕೊಳ್ಳುತ್ತದೆ. ಆ ಕೂಲಿ ಯಾರದು ಎಂದು ಅರ್ಜಿಯಲ್ಲೇ ಕೇಳಿರುತ್ತಾರೆ. ಎಲ್ಲ ಖರ್ಚೂ ಕಳಿಸುವವರದ್ದು ಎಂದು ಗುರುತು ಹಾಕಿದರೆ ಅಲ್ಲಿಗೆ ಪೂರ್ತಿ ಮೊತ್ತ ತಲುಪುವ ಸಾಧ್ಯತೆ ಹೆಚ್ಚು. ಕೆನಡಾದ ಖಾತೆಗೆ ಕೆನಡಾ ಡಾಲರನ್ನೇ ಕಳಿಸಿ. ಅಮೆರಿಕನ್ ಡಾಲರ್ ಕಳಿಸಿದರೆ ಅಲ್ಲಿ ಮತ್ತೊಮ್ಮೆ ಪರಿವರ್ತನೆಯಾಗಿ ಎರಡನೆಯ ನಷ್ಟ.

ಜನ ಚೌಕಾಶಿ ಮಾಡುವುದು ಕಮಿಷನ್ನಿನ ಐನೂರು ರೂಪಾಯಿಗೆ, ಕಳೆದುಕೊಳ್ಳುವುದು ವಿನಿಮಯ ದರದಲ್ಲಿ. ಹತ್ತು ಲಕ್ಷದ ಪರಿವರ್ತನೆಗೆ ಜಿಎಸ್‌ಟಿ ಬರುವುದು 990 ರೂಪಾಯಿ. ಮಾರುಕಟ್ಟೆ ದರದ ಮೇಲೆ ಬ್ಯಾಂಕು ಶೇಕಡಾ ಎರಡು ಏರಿಸಿದ್ದರೆ ಅದು ಇಪ್ಪತ್ತು ಸಾವಿರ, ಯಾವ ರಸೀದಿಯಲ್ಲೂ ಬೇರೆಯಾಗಿ ಕಾಣುವುದಿಲ್ಲ. ಅದೇ ದಿನ, ಅದೇ ಗಂಟೆಯಲ್ಲಿ ಎರಡು ಕಡೆ ದರ ಕೇಳಿ. ಬ್ಯಾಂಕು ಬದಲಿಸುವುದಾದರೆ ಮಾತ್ರ ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ಜೊತೆಗಿರಲಿ, ಹೊಸ ಗ್ರಾಹಕನ ಹಣದ ಮೂಲ ಕೇಳುವುದು ಅದರ ಕರ್ತವ್ಯ. ರೂಪಾಯಿ ಬಲವಾಗಲಿ ಎಂದು ತಿಂಗಳುಗಟ್ಟಲೆ ಕಾಯುವವರಿಗೆ ನನ್ನದು ಒಂದೇ ಮಾತು: ನಿಮ್ಮ ಮುಂದಿನ ಬಾಡಿಗೆ ಡಾಲರಿನಲ್ಲಿದೆ. ಎರಡು ಮೂರು ಕಂತಿನಲ್ಲಿ ಕಳಿಸಿ, ಉಳಿದ ಜೂಜು ಬಿಡಿ.

ನಾವು ಕನ್ನಡಿಗರು ಎಡವುವ ಜಾಗ ಹೆಸರು. ಊರು, ತಂದೆ, ತಾನು ಎಂಬ ನಮ್ಮ ಕ್ರಮದಲ್ಲಿ ಸರ್‌ನೇಮ್ ಎಂಬುದೇ ಇರುವುದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲು, ಪ್ಯಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ಲಿನ ಪೂರ್ಣರೂಪ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮಿನ ಜಾಗ ಖಾಲಿ. ಕೆನಡಾದ ಬ್ಯಾಂಕು ಪಾಸ್‌ಪೋರ್ಟನ್ನು ಅನುಸರಿಸುತ್ತದೆ, ಇಲ್ಲಿನ ಬ್ಯಾಂಕು ಪ್ಯಾನ್ ಅನ್ನು. ಎರಡೂ ತಾಳೆಯಾಗದಿದ್ದರೆ ಹಣ ನಡುದಾರಿಯಲ್ಲಿ ನಿಲ್ಲುತ್ತದೆ ಅಥವಾ ವಾರಗಳ ಮೇಲೆ, ಖರ್ಚು ಕಳೆದು, ಕಡಿಮೆ ದರದಲ್ಲಿ ವಾಪಸಾಗುತ್ತದೆ. ಹೊರಡುವ ಆರು ತಿಂಗಳ ಮೊದಲೇ ಪಾಸ್‌ಪೋರ್ಟು, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದಾಗಿರಲಿ. ಕೆನಡಾದಲ್ಲಿ ಐಬ್ಯಾನ್ ಇಲ್ಲ. ಐದಂಕಿಯ ಟ್ರಾನ್ಸಿಟ್ ಸಂಖ್ಯೆ, ಮೂರಂಕಿಯ ಸಂಸ್ಥೆಯ ಸಂಖ್ಯೆ, ಆಮೇಲೆ ಖಾತೆ ಸಂಖ್ಯೆ. ಈ ವಿವರಗಳನ್ನು ಬ್ಯಾಂಕಿನ ಸ್ವಂತ ಆ್ಯಪಿನಿಂದ ತೆಗೆದುಕೊಳ್ಳಿ, ಇಮೇಲಿನಲ್ಲಿ ಬಂದದ್ದನ್ನು ನಂಬಬೇಡಿ. "ನೆಲೆನಿಧಿಯನ್ನು ನಮ್ಮ ಖಾತೆಯಲ್ಲಿಡಿ" ಎನ್ನುವ ವಲಸೆ ಏಜೆಂಟನ ಬಾಗಿಲು ಮತ್ತೆ ತುಳಿಯಬೇಡಿ.

"ಕಾಣದ ಬ್ಯಾಂಕನ್ನು ಹೇಗೆ ನಂಬುವುದು?" ನ್ಯಾಯವಾದ ಪ್ರಶ್ನೆ. ಕೆನಡಾದ ಠೇವಣಿ ವಿಮೆ ಪ್ರತಿ ಸದಸ್ಯ ಬ್ಯಾಂಕಿನಲ್ಲಿ ಪ್ರತಿ ವರ್ಗಕ್ಕೆ ಒಂದು ಲಕ್ಷ ಕೆನಡಾ ಡಾಲರ್ ತನಕ ಕಾಪಾಡುತ್ತದೆ, ನಮ್ಮಲ್ಲಿ ಅದು ಐದು ಲಕ್ಷ ರೂಪಾಯಿ. ಸಾಮಾನ್ಯವಾಗಿ ಇಂಥ ಮುಂಗಡ ಖಾತೆಗೆ ಹಣ ಹಾಕಬಹುದು, ನೀವೇ ಪಾಸ್‌ಪೋರ್ಟು, ವಲಸೆ ಪತ್ರ ಹಿಡಿದು ಶಾಖೆಗೆ ಹೋಗುವ ತನಕ ತೆಗೆಯಲಾಗದು. ಇದು ತೊಡಕಲ್ಲ, ನಿಮ್ಮ ಹಣಕ್ಕಿರುವ ಕಾವಲು. ಆದರೂ ಮೊದಲು ಸಣ್ಣ ಮೊತ್ತ ಕಳಿಸಿ, ಅದು ಪೂರ್ತಿ ತಲುಪಿದೆಯೇ ನೋಡಿ, ಆಮೇಲೆ ದೊಡ್ಡದು. ಶಾಖೆ ತೆರೆಯುವ ತನಕದ ದಿನಗಳಿಗೆ ಫಾರೆಕ್ಸ್ ಕಾರ್ಡು, ಸ್ವಲ್ಪ ನೋಟು ಇರಲಿ. ನೋಟಿನ ರೂಪದಲ್ಲಿ ಒಯ್ಯಬಹುದಾದದ್ದು 3,000 ಅಮೆರಿಕನ್ ಡಾಲರ್ ಮಾತ್ರ, ಕಾರ್ಡಿಗೆ ತುಂಬಿಸಿದ್ದೂ ಅದೇ ವಾರ್ಷಿಕ ಮಿತಿಯೊಳಗಿನದು.

ಯಾರೂ ಎತ್ತದ ಆಕ್ಷೇಪವೊಂದನ್ನು ನಾನೇ ಎತ್ತುತ್ತೇನೆ. ಫೆಮಾ ನಿಮ್ಮನ್ನು ಹೊರಟ ದಿನವೇ ಅನಿವಾಸಿ ಎಂದರೂ ಆದಾಯ ತೆರಿಗೆ ಕಾನೂನು ದಿನ ಎಣಿಸುತ್ತದೆ. ನವೆಂಬರಿನಲ್ಲಿ ಹೊರಟವರು ಆ ವರ್ಷ 182 ದಿನ ಇಲ್ಲಿ ಇದ್ದಾಗಿರುತ್ತದೆ, ಹಾಗಾಗಿ ತೆರಿಗೆಗೆ ಪೂರ್ತಿ ವರ್ಷ ನಿವಾಸಿಯೇ. ಆಗ ಟೊರಾಂಟೊದ ಖಾತೆಯನ್ನು ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಲೇಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಮುಚ್ಚಿಟ್ಟದ್ದಕ್ಕೆ ಹತ್ತು ಲಕ್ಷ ದಂಡವಿದೆ. ಸ್ಥಿರಾಸ್ತಿ ಬಿಟ್ಟು ಒಟ್ಟು ಇಪ್ಪತ್ತು ಲಕ್ಷ ಮೀರದಿದ್ದರೆ 2024ರ ಅಕ್ಟೋಬರಿನಿಂದ ಆ ದಂಡವಿಲ್ಲ, ತೋರಿಸುವ ಹೊಣೆ ಮಾತ್ರ ಹಾಗೇ ಇದೆ. ಕೆನಡಾ ಮತ್ತು ಭಾರತ ಖಾತೆಗಳ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ.

ಇಲ್ಲಿ ಉಳಿಯುವ ಹಣದ ಜೊತೆ ಉಳಿಯುವ ಜನರೂ ಇದ್ದಾರೆ. ಅಪ್ಪ ಅಮ್ಮನ ಔಷಧಿ, ಕರೆಂಟ್ ಬಿಲ್ಲು ಇದೇ ಖಾತೆಯಿಂದ ಹೋಗುತ್ತಿದ್ದರೆ, ಎನ್‌ಆರ್‌ಒ ಆದ ಮೇಲೆ ಅವರ ಕೈ ಕಟ್ಟಿದಂತಾಗುತ್ತದೆ. ನಿವಾಸಿ ಬಂಧುವನ್ನು ಜೊತೆಗೆ ಸೇರಿಸಬಹುದು, ಆದರೆ 'ಫಾರ್ಮರ್ ಆರ್ ಸರ್ವೈವರ್' ಕ್ರಮದಲ್ಲಿ, ಅಂದರೆ ನೀವಿರುವ ತನಕ ಖಾತೆ ನಡೆಸುವವರು ನೀವೇ. ಆದ್ದರಿಂದ ಅವರ ಆರೇಳು ತಿಂಗಳ ಖರ್ಚನ್ನು ಅವರದೇ ಖಾತೆಗೆ ಮೊದಲೇ ಹಾಕಿ. ಸ್ಥಳೀಯ ಪಾವತಿಗೆ ಅಧಿಕಾರ ಪತ್ರ ಬರೆದುಕೊಡಿ, ನಾಮಿನಿಯ ಹೆಸರು ನೋಡಿಕೊಳ್ಳಿ. ಅಮ್ಮನನ್ನು ಶಾಖೆಗೆ ಕರೆದುಕೊಂಡು ಹೋಗಿ ಕೌಂಟರಿನವರಿಗೆ ಪರಿಚಯಿಸಿ, ಅಮ್ಮನ ಸಹಿ ಹೊಂದುತ್ತದೆಯೇ ನೋಡಿ ಬನ್ನಿ.