ಏನೂ ಆಗಿಲ್ವಲ್ಲ!

ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವ ಹುಡುಗ "ಎಷ್ಟು ಸರ್?" ಅಂದರೆ ನಮ್ಮಲ್ಲಿ ಬಹಳ ಜನರದ್ದು ಒಂದೇ ಉತ್ತರ: "ಎಲ್ಲದಕ್ಕೂ 30 ಹಾಕಪ್ಪ." ಒಬ್ಬರೇ ಆಫೀಸಿಗೆ ಹೋಗುವಾಗಲೂ ಅಷ್ಟೇ, ಐದು ಜನ ಕೂತು ಡಿಕ್ಕಿ ತುಂಬಿಸಿಕೊಂಡು ಊರಿಗೆ ಹೊರಟಾಗಲೂ ಅಷ್ಟೇ. ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಅಂಟಿಸಿರುವ ಚೀಟಿ ಬೇರೆ ಹೇಳುತ್ತೆ. ನನ್ನ ಕಾರಿನದರಲ್ಲಿ ಹಿಂದಿನ ಚಕ್ರಗಳಿಗೆ ಮೂರು ಜನರವರೆಗೆ 30, ಪೂರ್ತಿ ಲೋಡಿಗೆ 36.

ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. "ಎಂಟು ವರ್ಷದಿಂದ ಓಡಿಸ್ತಿದೀನಿ ಮಾರಾಯ, ಏನೂ ಆಗಿಲ್ವಲ್ಲ!" ಅಂದ. ನನ್ನ ತಕರಾರು ಇರೋದು ಆ ಮಾತಿನ ಜೊತೆ. ಏನೂ ಆಗದಿದ್ದರೆ ತಪ್ಪೂ ಆಗಿಲ್ಲ ಅಂತಲಾ?

1877ರಲ್ಲಿ ಡಬ್ಲ್ಯು. ಕೆ. ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ ತನ್ನ ಪ್ರಬಂಧವೊಂದರಲ್ಲಿ ಒಬ್ಬ ಹಡಗಿನ ಮಾಲೀಕನ ಕಥೆ ಹೇಳುತ್ತಾನೆ. ಹಡಗು ಹಳೇದು, ಮಾಲೀಕನಿಗೆ ಅನುಮಾನವಿದೆ. ಆದರೂ ಇಷ್ಟು ಸಲ ಹೋಗಿ ಬಂದಿದೆಯಲ್ಲ ಅಂತ ಸಮಾಧಾನ ಮಾಡಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತೆ. ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಒಂಚೂರೂ ಕಮ್ಮಿಯಾಗುತ್ತಿರಲಿಲ್ಲ ಅಂತಾನೆ ಕ್ಲಿಫರ್ಡ್. ಅವನಿಗೆ ಮುಖ್ಯವಾದದ್ದು ಮಾಲೀಕನ ನಂಬಿಕೆ. ನನಗೆ ಮುಖ್ಯ ಅನಿಸೋದು ಹತ್ತಿದ ಜನ. ಹಿಂದಿನ ಸೀಟಲ್ಲಿ ನಿದ್ದೆ ಹೋಗಿರೋ ಅಕ್ಕನಿಗೆ ಪಿಎಸ್‌ಐ ಅಂದ್ರೇನು ಗೊತ್ತಿಲ್ಲ, ಗೊತ್ತಿರಬೇಕಾಗೂ ಇಲ್ಲ. ನನ್ನ ರಿಸ್ಕ್ ನಾನು ತಗೋಬಹುದು, ಅವಳದ್ದನ್ನು ತಗೊಳ್ಳೋಕೆ ನಾನ್ಯಾರು?

ಊರಲ್ಲಿ ಎತ್ತಿನ ಗಾಡಿ ತುಂಬುವಾಗ ಮುಂಭಾರ ಆಯ್ತಾ, ಹಿಂಭಾರ ಆಯ್ತಾ ಅಂತ ನೊಗ ಎತ್ತಿ ನೋಡ್ತಿದ್ರು. ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತಿತ್ತು. ತಡೆಯೋಕಾಗದಿದ್ದರೆ ಎತ್ತು ನಿಂತೇ ಬಿಡ್ತಿತ್ತು. ಟೈರ್ ನಿಲ್ಲಲ್ಲ. ಭಾರಕ್ಕೆ ತಕ್ಕಷ್ಟು ಗಾಳಿ ಇಲ್ಲದಿದ್ದರೆ ಅದರ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಒಳಗೊಳಗೇ ಬಿಸಿಯಾಗುತ್ತೆ. ಹೈವೇ ವೇಗದಲ್ಲಿ ಇನ್ನೂ ಜಾಸ್ತಿ. ಡ್ಯಾಶ್‌ಬೋರ್ಡಿನ ದೀಪ ಎಚ್ಚರಿಸುತ್ತೆ ಅಂತೀರಾ? ಗಾಳಿ ಇಳಿದರೆ ಅದು ಹೇಳುತ್ತೆ, ಡಿಕ್ಕಿಯಲ್ಲಿ ಏನು ತುಂಬಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ.

ಹಾಗಾದ್ರೆ ಯಾವಾಗಲೂ 36 ಇಟ್ಟುಬಿಡೋಣ ಅನ್ನೋ ಜಾಣರೂ ಇದ್ದಾರೆ. ಒಬ್ಬನೇ ಹೋಗುವಾಗ ಅಷ್ಟು ಗಾಳಿ ಇದ್ದರೆ ಕಾರು ಪುಟಿಯುತ್ತೆ, ಟೈರ್ ನಡುಭಾಗ ಬೇಗ ಸವೆಯುತ್ತೆ, ರಸ್ತೆಯ ಹಿಡಿತವೂ ಕಮ್ಮಿ. (ಕೋಡಿನಲ್ಲಿ ಯಾರಾದರೂ ನಂಬರ್ ಹಾರ್ಡ್‌ಕೋಡ್ ಮಾಡಿದ್ರೆ ರಿವ್ಯೂನಲ್ಲಿ ಹರಿಹಾಯ್ತೀವಿ, ಟೈರಿಗೆ ಮಾತ್ರ ನಡೆಯುತ್ತೆ!)

ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿರುವಾಗ. ನಮ್ಮೂರಿಂದ ಹತ್ತಿರದ ಬಂಕ್ 14 ಕಿಲೋಮೀಟರ್, ಅಲ್ಲಿಗೆ ಹೋಗೋಷ್ಟರಲ್ಲಿ ಟೈರ್ ಬಿಸಿಯಾಗಿರುತ್ತೆ. ಹಾಗಾಗಿ ಬೆಂಗಳೂರು ಬಿಡುವಾಗಲೇ ವಾಪಸ್ ಬರುವಾಗಿನ ಭಾರದ ಅಂದಾಜು ಬೇಕು. ನಾನು, ಹೆಂಡತಿ, ಅಕ್ಕ, ಭಾವ, ಅವರ ಮಗ, ಇಷ್ಟಕ್ಕೇ 300 ಕೆಜಿ ದಾಟುತ್ತೆ. ಅದರ ಮೇಲೆ ಅಪ್ಪ 25 ಕೆಜಿಯ ಎರಡು ಅಕ್ಕಿ ಮೂಟೆ, ಒಂದು ಚೀಲ ತೆಂಗಿನಕಾಯಿ ತಂದಿಡ್ತಾರೆ. ಕಾರಿನ ಒಟ್ಟು ತೂಕದ ಮಿತಿ ದಾಟಿದ ಮೇಲೆ ಎಷ್ಟು ಗಾಳಿ ತುಂಬಿದರೂ ಪ್ರಯೋಜನವಿಲ್ಲ, ಮೂಟೆ ಇಳಿಸಲೇಬೇಕು. ಬೆಳೆದು ಕೊಟ್ಟದ್ದನ್ನು ಬೇಡ ಅನ್ನೋದು ಗೇಜ್ ಹಿಡಿದು ನೋಡಿದಷ್ಟು ಸುಲಭ ಅಲ್ಲ. ಒಂದನ್ನು ಇಳಿಸಿ ಜಗಲಿ ಮೇಲಿಡ್ತೀನಿ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಬಿಡು, ಸೋಮವಾರ ಬಸ್ಸಿಗೆ ಹಾಕ್ತೀನಿ" ಅಂತಾರೆ.