ಬಿರುನುಡಿಯ ಹೊರೆ

ಪೇಟೆಯಲ್ಲಿ ಬಾಳುವವನ ಮನಸ್ಸು ಬಳಲಿದರೆ ಅದರ ಹೊಣೆ ಯಾರದು? “ಅವನಿಗೆ ಮನೋಬಲ ಸಾಲದು” ಎಂಬುದು ರೂಢಿಯ ಉತ್ತರ. “ಎಲ್ಲಕ್ಕೂ ಈ ಹಾಳು ಗದ್ದಲವೇ ಕಾರಣ” ಎಂಬುದು ಇನ್ನೊಂದು. ಮೊದಲನೆಯದು ನೊಂದವನ ಮೇಲೆಯೇ ತಪ್ಪು ಹೊರಿಸುತ್ತದೆ. ಎರಡನೆಯದು ಯಾರ ಮೇಲೂ ಹೊರಿಸುವುದಿಲ್ಲ. ಸುತ್ತಲಿನ ಜನರಾದ ನಾವು ಮಾತ್ರ ಎರಡರಲ್ಲಿಯೂ ಪಾರಾಗಿಬಿಡುತ್ತೇವೆ.

2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ಒಂದು ಪ್ರಯೋಗದ ವರದಿ ಬಂತು. ಕೆಲವರಿಗೆ ಅವಸರದಲ್ಲಿ ಲೆಕ್ಕ ಮಾಡಲು ಕೊಟ್ಟು, “ನಿಮ್ಮ ಕೆಲಸ ಸಾಲದು” ಎಂದು ನಡುನಡುವೆ ಆಕ್ಷೇಪಿಸುತ್ತ, ಅವರ ಮಿದುಳಿನ ಚಿತ್ರ ತೆಗೆದರು. ಭಯಕ್ಕೆ ಎಚ್ಚೆತ್ತುಕೊಳ್ಳುವ ಅಮಿಗ್ಡಲವೆಂಬ ಭಾಗ ಹಳ್ಳಿಯವರಿಗಿಂತ ದೊಡ್ಡ ನಗರದವರಲ್ಲಿ ಹೆಚ್ಚು ಕೆರಳಿತ್ತು. ನಗರವಾಸವೇ ರೋಗಕ್ಕೆ ಕಾರಣವೆಂದು ಇದರಿಂದ ಸಿದ್ಧಪಟ್ಟಂತಾಗಲಿಲ್ಲ, ನಿಜ. ಆದರೆ ಕೆರಳಿಸಲೆಂದು ಅಲ್ಲಿ ಬಳಸಿದ ಸಾಧನ ಯಾವುದೆಂಬುದನ್ನು ಗಮನಿಸಬೇಕು: ಅವಸರ ಮತ್ತು ಇನ್ನೊಬ್ಬರ ತಾತ್ಸಾರ.

ಎರಡೂ ನಮ್ಮ ಅವೆನ್ಯೂ ರಸ್ತೆಯಲ್ಲಿ ಧಾರಾಳ. ಹಿಂದೆ ದೊಡ್ಡಪೇಟೆಯೆನಿಸಿಕೊಂಡಿದ್ದ ಈ ಇಕ್ಕಟ್ಟು ಬೀದಿಯಲ್ಲಿ ಮೂಟೆ ಹೊತ್ತ ಕೂಲಿಯಾಳು, ಸ್ಕೂಟರಿನವನು, ಹಳೆಯ ಪುಸ್ತಕ ಹುಡುಕುವ ಹುಡುಗಿ, ಎಲ್ಲರಿಗೂ ಬೇಕಾದದ್ದು ಅದೇ ಒಂದು ಗೇಣು ಜಾಗ. ಮೂಟೆಯ ಭಾರ ಅಂಗಡಿಯ ಬಾಗಿಲಲ್ಲಿ ಇಳಿಯುತ್ತದೆ. “ಕಣ್ಣು ಕಾಣೋಲ್ವೇನೋ?” ಎಂದು ಹಿಂದಿನಿಂದ ಎಸೆದ ಮಾತು ಮನೆಯವರೆಗೂ ಬರುತ್ತದೆ. ಎಸೆದವನಿಗೂ ಬೆಳಿಗ್ಗೆ ಯಾರೋ ಅಂಥದೇ ಮಾತು ಕೊಟ್ಟಿರಬಹುದು. ಸವಕಲು ನಾಣ್ಯದಂತೆ ಅದನ್ನು ಬೇಗ ಇನ್ನೊಬ್ಬರಿಗೆ ದಾಟಿಸಿರುತ್ತಾನೆ. ನಾನು ತರಗತಿಯಲ್ಲಿ ಕಂಡದ್ದೂ ಇದನ್ನೇ. ಹುಡುಗರು ತಾವು ಹೇಳಿದ ತಪ್ಪು ಉತ್ತರವನ್ನು ಮರೆಯುತ್ತಾರೆ. ಅದಕ್ಕೆ ಬಂದ ನಗೆಯನ್ನು ಮರೆಯುವುದಿಲ್ಲ.

ಹೊಟ್ಟೆಪಾಡಿನ ಧಾವಂತದಲ್ಲಿ ಸೌಜನ್ಯಕ್ಕೆ ಬಿಡುವೆಲ್ಲಿ ಎಂದು ಕೇಳಬಹುದು. ಕಾಲಿಗೆ ಅವಸರವಿರಲಿ, ನಾಲಗೆಗೂ ಇರಬೇಕೇ? “ಸ್ವಲ್ಪ ದಾರಿ ಬಿಡಿ, ಸ್ವಾಮಿ” ಎನ್ನಲು ಬೈಗುಳಕ್ಕಿಂತ ಹೆಚ್ಚು ಹೊತ್ತು ಬೇಡ. ಸಾಲ, ನಿರುದ್ಯೋಗ, ಒಂಟಿತನಗಳು ತಂದ ಸಂಕಟ ಸವಿಮಾತಿನಿಂದ ತೀರದು. ಕಾಯಿಲೆಯಾದವರಿಗೆ ವೈದ್ಯರೇ ಬೇಕು. ಒಪ್ಪೋಣ. ಆದರೆ ನಮ್ಮ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆ ಏನು ಹೇಳಿತು? ಮಾನಸಿಕ ಕಾಯಿಲೆಯಿದ್ದವರು ಗ್ರಾಮಾಂತರದ ವಯಸ್ಕರಲ್ಲಿ ನೂರಕ್ಕೆ ಸುಮಾರು 10, ಮಹಾನಗರಗಳಲ್ಲಿ ಸುಮಾರು 15. ಎಂದರೆ ಏಳು ಜನರಲ್ಲಿ ಒಬ್ಬರು.

ಆ ಒಬ್ಬರು ಯಾರೆಂಬುದು ಮುಖದ ಮೇಲೆ ಬರೆದಿರುವುದಿಲ್ಲ. ಮೂಟೆಯಾದರೆ ಕಣ್ಣಿಗೆ ಕಾಣುತ್ತದೆ, ನಾವು ಸರಿದು ದಾರಿ ಬಿಡುತ್ತೇವೆ. ಕಾಣದ ಹೊರೆಗೆ ದಾರಿ ಬಿಡುವ ಬಗೆ ಒಂದೇ: ಗುರುತಿಲ್ಲದ ಪ್ರತಿಯೊಬ್ಬರೊಡನೆಯೂ ಮೆತ್ತಗೆ ಮಾತನಾಡುವುದು. ಸಭ್ಯತೆ ಬಿಡುವಿದ್ದವರ ಅಲಂಕಾರವೆಂದು ತಿಳಿದಿದ್ದೇವೆ. ಜನನಿಬಿಡ ಊರಿನಲ್ಲಿ ಅದು ನೆರೆಯವನಿಗೆ ನಾವು ತೀರಿಸಬೇಕಾದ ಋಣ.