ಕಾಣಿಕೆಯನ್ನು ಬಿಟ್ಟು ಹೋಗಬೇಕಾದವರು ಯಾರು?



ಗಂಡನಿಂದ ಪೆಟ್ಟು ತಿಂದ ಹೆಣ್ಣುಮಗಳೊಬ್ಬಳು ಗುರುಗಳ ನಿವಾಸದ ಬಾಗಿಲಲ್ಲಿ ನಿಂತಾಗ ನಾವು ಮೊದಲು ಆಡುವ ಮಾತು ಯಾವುದು? "ಕ್ಷಮಿಸಿಬಿಡಮ್ಮಾ, ಮಕ್ಕಳ ಮುಖ ನೋಡಿ ಮನೆಗೆ ಹೋಗು." ಗುರುವಾದ ಹೊಸತರಲ್ಲಿ ನಾನೂ ಇದನ್ನೇ ಹೇಳಿ ಒಬ್ಬಾಕೆಯನ್ನು ಹಿಂದಕ್ಕೆ ಕಳುಹಿಸಿದೆ. ಎರಡು ವಾರಗಳ ನಂತರ ಆಕೆ ಬಲಿಪೂಜೆಗೆ ಬಂದಾಗ ಸೆರಗು ಮುಖದ ಅರ್ಧಭಾಗವನ್ನು ಮುಚ್ಚಿತ್ತು. ಅಂದಿನ ನನ್ನ ಪ್ರಬೋಧನೆ ನೆನಪಿಲ್ಲ. ಆ ಸೆರಗು ನೆನಪಿದೆ.

ಲೆಕ್ಕವಿಡದೆ ಕ್ಷಮಿಸಬೇಕೆಂದು ಯೇಸುಸ್ವಾಮಿ ಪೇತ್ರರಿಗೆ ಬೋಧಿಸಿದ್ದು ನಿಜ. ಆದರೆ ಕ್ಷಮೆಯೂ ಸಂಧಾನವೂ ಒಂದೇ ಅಲ್ಲ. ಕ್ಷಮೆ ನೊಂದ ಹೃದಯದಲ್ಲಿ ದೈವಕೃಪೆಯಿಂದ ನಿಧಾನವಾಗಿ ಮೂಡುವಂಥದ್ದು. ಅದಕ್ಕೆ ಗಡುವು ವಿಧಿಸಲು ನಾವಾರು? ಸಂಧಾನಕ್ಕಾದರೋ ಇಬ್ಬರು ಬೇಕು, ಅದಕ್ಕೂ ಮೊದಲು ಸತ್ಯ ಬೇಕು. ಗಂಡನನ್ನು ಪಕ್ಕದಲ್ಲೇ ಕೂರಿಸಿಕೊಂಡು "ಏನಾಯಿತು ಹೇಳಮ್ಮಾ" ಎಂದರೆ, ರಾತ್ರಿ ಅದೇ ಮನೆಗೆ ಮರಳಬೇಕಾದವಳು ಏನು ಹೇಳಿಯಾಳು?

ಮತ್ತಾಯನ ಶುಭಸಂದೇಶದ 5ನೆಯ ಅಧ್ಯಾಯವನ್ನು ಗಮನವಿಟ್ಟು ಓದಿರಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಸಂಧಾನ ಮಾಡಿಕೊಳ್ಳಬೇಕಾದವನು ಯಾರು? ಯಾರ ವಿರುದ್ಧ ಇನ್ನೊಬ್ಬರ ಮನಸ್ಸಿನಲ್ಲಿ ದೂರು ಇದೆಯೋ ಅವನು. ಮೊದಲ ಹೆಜ್ಜೆ ನೋಯಿಸಿದವನದು. ನಾವಾದರೋ ನೊಂದವಳನ್ನೇ ನಡೆಸುತ್ತೇವೆ.

ಜಕ್ಕಾಯ ಕಣ್ಣೀರಿಟ್ಟನೆಂದು ಲೂಕ ಬರೆದಿಲ್ಲ. ವಂಚಿಸಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳಿದನೆಂದು ಬರೆದಿದ್ದಾನೆ. ಹೊಡೆದವನ ಪಶ್ಚಾತ್ತಾಪಕ್ಕೂ ಅಂಥದೇ ಲಕ್ಷಣಗಳಿರಬೇಕು: "ಅವಳೇ ಕೆಣಕಿದಳು" ಎನ್ನದಿರುವುದು, ಅವಳು ದೂರವಿರಬಯಸಿದರೆ ಒಪ್ಪುವುದು, ದೂರವಿದ್ದರೂ ಮಕ್ಕಳ ಖರ್ಚು ಕೊಡುವುದು, "ಯಾವಾಗ ಬರುತ್ತೀ" ಎಂದು ಪೀಡಿಸದೆ ತಿಂಗಳುಗಟ್ಟಲೆ ಕಾಯುವುದು. ಕುಡಿತ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರುಂಟು. ಕುಡಿದ ಅದೇ ಮನುಷ್ಯ ತನ್ನ ಮೇಲಧಿಕಾರಿಯ ಮೇಲೆ ಕೈಯೆತ್ತುವುದಿಲ್ಲವಲ್ಲ!

ಬೇರೆಯಾಗಿ ವಾಸಿಸುವುದೇ ಪಾಪವೆಂಬ ಭಯ ನಮ್ಮ ಅನೇಕ ತಾಯಂದಿರಲ್ಲಿದೆ. ಸಂಗಾತಿಯಿಂದ ತನಗೋ ಮಕ್ಕಳಿಗೋ ಗಂಭೀರ ಅಪಾಯವಿದ್ದರೆ ಬೇರೆಯಿರಲು ಧರ್ಮಸಭೆಯ ಕಾನೂನಿನ 1153ನೆಯ ವಿಧಿಯೇ ಅವಕಾಶ ನೀಡುತ್ತದೆ. ತಡಮಾಡಿದರೆ ಅಪಾಯವೆಂದಾದಲ್ಲಿ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಕೆಲವೊಮ್ಮೆ ಇಂಥ ಅಗಲಿಕೆ ನೈತಿಕವಾಗಿಯೇ ಅಗತ್ಯವೆಂದು ಜಗದ್ಗುರು ಫ್ರಾನ್ಸಿಸ್‌ರವರು 2016ರಲ್ಲಿ ಕುಟುಂಬವನ್ನು ಕುರಿತ ತಮ್ಮ ಪ್ರೇಷಿತ ಪ್ರಬೋಧನೆಯಲ್ಲಿ ಬರೆದರು. ನಮ್ಮ ದೇಶದ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯೂ ಆಕೆಗೆ ರಕ್ಷಣೆಯನ್ನೂ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. 181ಕ್ಕೆ ಕರೆಮಾಡುವುದು ಅವಿಶ್ವಾಸವಲ್ಲ.

ಕೆಲವು ವರ್ಷಗಳ ಬಳಿಕ ನಾನು ಆಕೆಯ ತವರಿಗೆ ಹೋಗಿ ಕ್ಷಮೆ ಕೇಳಿದೆ. "ಕಾಫಿ ಕುಡೀರಿ ಫಾದರ್" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.